ತೆಸ್ಸೆನ್: ಜಪಾನಿನ ಕಬ್ಬಿಣದ ಬೀಸಣಿಗೆ

ಆಯುಧಗಳ ಪಟ್ಟಿಯಲ್ಲಿ ಬೀಸಣಿಗೆಯನ್ನೂ ಸೇರಿಸಬೇಕೆಂದರೆ ಕೇಳಿದವರಿಗೆ ನಗು ಬಂದೀತು. ಬೀಸಣಿಗೆ ಸೆಕೆಗೆ ಸಂಬಂಧಪಟ್ಟ ವಸ್ತು, ಶೌರ್ಯಕ್ಕಲ್ಲ. ಭಾರತದ ಅರಮನೆಗಳಲ್ಲಿಯೂ ದೇವಾಲಯಗಳಲ್ಲಿಯೂ ಚಾಮರಕ್ಕೆ, ಆಲವಟ್ಟಕ್ಕೆ ರಾಜಚಿಹ್ನೆಯ ಗೌರವವೇನೋ ಉಂಟು. ಆದರೆ ಅವುಗಳನ್ನು ಹಿಡಿದು ಬೀಸುವವರು ಪರಿಚಾರಕರು. ಅರಸನಾದವನು ತನ್ನ ಕೈಯಲ್ಲಿ ಚಾಮರ ಹಿಡಿದು ರಣರಂಗದಲ್ಲಿ ನಿಂತನೆಂದು ಯಾವ ಕವಿಯೂ ವರ್ಣಿಸಿದಂತಿಲ್ಲ. ಜಪಾನಿನ ಸಂಪ್ರದಾಯ ಬೇರೆ. ಅಲ್ಲಿ ದಂಡನಾಯಕನು ಕವಚ ತೊಟ್ಟು, ಮಡಿಸುವ ಪೀಠದ ಮೇಲೆ ಕುಳಿತು, ಬಲಗೈಯಲ್ಲಿ ಬೀಸಣಿಗೆಯನ್ನು ತಾನೇ ಹಿಡಿದು ಸೈನ್ಯವನ್ನು ನಡೆಸಿದನು. ಮುಂದಿನ ಕಾಲದಲ್ಲಿ ಅದೇ ಬೀಸಣಿಗೆ ಕಬ್ಬಿಣದ ಮೈತಾಳಿ ಅವನ ವಂಶಜರ ಸೊಂಟವನ್ನು ಸೇರಿತು. ಅದನ್ನು ಹಿಡಿದು ಹೋರಾಡುವ ವಿದ್ಯೆಗೆ ತೆಸ್ಸೆನ್-ಜುತ್ಸು ಎಂಬ ಹೆಸರೂ ಬಂದಿತು.

ಈ ಆಯುಧವನ್ನು ಕುರಿತು ಪಾಶ್ಚಾತ್ಯ ಭಾಷೆಗಳಲ್ಲಿ ಬಂದಿರುವ ಜನಪ್ರಿಯ ಬರಹಗಳು ಹಲವು. ಅವುಗಳನ್ನು ಓದಿದವರ ಮನಸ್ಸಿನಲ್ಲಿ, ಸಮುರಾಯಿಗಳು ರಣರಂಗದಲ್ಲಿ ಕಬ್ಬಿಣದ ಬೀಸಣಿಗೆ ಬೀಸುತ್ತ ಕತ್ತಿಗಳನ್ನು ತಡೆಯುತ್ತಿದ್ದರೆಂಬ ಚಿತ್ರ ಮೂಡುತ್ತದೆ. ದೊರೆತಿರುವ ಆಧಾರಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿ ನೋಡಿದರೆ ಈ ಚಿತ್ರ ನಿಲ್ಲುವುದಿಲ್ಲ. ಯುದ್ಧದ ಕಾಲದಲ್ಲಿ ಬೀಸಣಿಗೆ ಆಜ್ಞೆಯ ಸಾಧನವಾಗಿತ್ತು, ಆಯುಧವಾಗಿರಲಿಲ್ಲ. ಯುದ್ಧಗಳು ನಿಂತು, ಕತ್ತಿಯನ್ನು ಒರೆಯಿಂದ ಹೊರಗೆಳೆಯುವುದೇ ಅಪರಾಧವೆನಿಸಿದ ಮೇಲೆ ಅದು ಆಯುಧವಾಗಿ ಪ್ರಾಧಾನ್ಯ ಪಡೆಯಿತು. ತೆಸ್ಸೆನ್ ಶಾಂತಿಕಾಲದ ಶಿಶು.

ಮೊದಲು ಹೆಸರುಗಳ ಗೊಂದಲವನ್ನು ಬಿಡಿಸಿಕೊಳ್ಳಬೇಕು. ಮೇಲೆ ಹೇಳಿದ ತಪ್ಪುಕಲ್ಪನೆಗೆ ಮುಕ್ಕಾಲು ಪಾಲು ಕಾರಣ ಇದೇ. ಇಂಗ್ಲಿಷಿನಲ್ಲಿ ‘ಯುದ್ಧದ ಬೀಸಣಿಗೆ’ ಎಂಬ ಒಂದೇ ಹೆಸರಿನಡಿಯಲ್ಲಿ ಮೂರು ಬೇರೆ ಬೇರೆ ವಸ್ತುಗಳು ಬೆರೆತುಹೋಗಿವೆ. ಮೊದಲನೆಯದು ಗುಂಬಾಯ್. ಇದು ಮಡಿಸಲು ಬಾರದ, ಹಿಡಿಯುಳ್ಳ, ಅಗಲವಾದ ತಟ್ಟೆಯ ಬೀಸಣಿಗೆ. ಮರದಿಂದಲೋ ಮೆರುಗೆಣ್ಣೆ ಬಳಿದ ತೊಗಲಿನಿಂದಲೋ, ಕೆಲವೊಮ್ಮೆ ಕಬ್ಬಿಣದಿಂದಲೋ ಮಾಡಿದ್ದು. ಎರಡನೆಯದಾದ ಗುನ್ಸೆನ್ ಎಂದರೆ ಅಕ್ಷರಶಃ ಸೇನೆಯ ಬೀಸಣಿಗೆ. ಇದು ಮಡಿಸುವಂಥದು, ಕಾಗದದ ಹಾಳೆಯ ಮೇಲೆ ಸಾಮಾನ್ಯವಾಗಿ ದೊಡ್ಡ ಸೂರ್ಯಬಿಂಬ. ಈ ಎರಡೂ ಸೇನಾನಿಯ ಕೈಯ ವಸ್ತುಗಳು. ಮೂರನೆಯದು ತೆಸ್ಸೆನ್. ‘ತೆತ್ಸು’ ಎಂದರೆ ಕಬ್ಬಿಣ, ‘ಸೆನ್’ ಎಂದರೆ ಬೀಸಣಿಗೆ; ಎರಡೂ ಸಂಧಿಯಾಗಿ ತೆಸ್ಸೆನ್. ಇದರಲ್ಲಿಯೂ ಎರಡು ಬಗೆ: ಹೊರ ಅಂಚಿನ ಎರಡು ಕಡ್ಡಿಗಳು ಮಾತ್ರ ದಪ್ಪ ಕಬ್ಬಿಣದವಾಗಿದ್ದು ನಿಜವಾಗಿ ಬಿಚ್ಚಿ ಗಾಳಿ ಹಾಕಿಕೊಳ್ಳಬಹುದಾದದ್ದು ಒಂದು, ಮುಚ್ಚಿದ ಬೀಸಣಿಗೆಯ ಆಕಾರ ಮಾತ್ರವಿದ್ದು, ಎಂದಿಗೂ ಬಿಚ್ಚದ ಇಡೀ ಕಬ್ಬಿಣದ ತುಂಡು ಇನ್ನೊಂದು. ಈ ಎರಡನೆಯದಕ್ಕೆ ಕೈ ಪಳಗಿಸುವುದು ಎಂಬ ಅರ್ಥದ ಹೆಸರೊಂದುಂಟು. ಬೀಸಲು ಬಾರದ ಬೀಸಣಿಗೆ ಬೀಸಣಿಗೆಯೇ ಅಲ್ಲವೆಂದು ತಾರ್ಕಿಕರು ಹೇಳಿಯಾರು. ಆದರೆ ಈ ವಸ್ತುವಿನ ಪ್ರಯೋಜನವೆಲ್ಲ ಆ ವೇಷದಲ್ಲಿಯೇ ಇತ್ತು.

ಬೀಸಣಿಗೆಯೆಂಬುದು ಜಪಾನಿಗೆ ಚೀನದಿಂದ ಬಂದುದು. ಹಿಡಿಯುಳ್ಳ ತಟ್ಟೆಯ ಬೀಸಣಿಗೆಗೆ ಉಚಿವಾ ಎಂದು ಹೆಸರು. ಮಡಿಸುವ ಬೀಸಣಿಗೆಯಾದರೋ ಜಪಾನೀಯರ ಸ್ವಂತ ಕಲ್ಪನೆಯೆಂದೇ ವಿದ್ವಾಂಸರು ಎಣಿಸುತ್ತಾರೆ. ಹಿನೋಕಿ ಮರದ ತೆಳು ಪಟ್ಟಿಗಳನ್ನು ಒಂದು ತುದಿಯಲ್ಲಿ ಕೀಲಿನಿಂದ ಕೂಡಿಸಿ ಮಾಡಿದ ಇಂಥ ಬೀಸಣಿಗೆಯೊಂದು ಕ್ಯೋತೋ ನಗರದ ತೋಜಿ ದೇವಾಲಯದಲ್ಲಿ, ಸಹಸ್ರಬಾಹು ಅವಲೋಕಿತೇಶ್ವರ ವಿಗ್ರಹದ ತೋಳಿನೊಳಗೆ ದೊರೆತಿದೆ. ಅದರ ಮೇಲೆ ಕ್ರಿ.ಶ. 877ಕ್ಕೆ ಸರಿಹೊಂದುವ ವರ್ಷದ ಬರಹವಿದೆ. ಮುಂದೆ 988ರಲ್ಲಿ ಚೋನೆನ್ ಎಂಬ ಜಪಾನೀ ಭಿಕ್ಷು ಚೀನದ ಸೋಂಗ್ ಸಮ್ರಾಟನಿಗೆ ಕಳುಹಿಸಿದ ಕಾಣಿಕೆಗಳಲ್ಲಿ ಮಡಿಸುವ ಬೀಸಣಿಗೆಗಳೂ ಇದ್ದುವು. ಸಾಲವಾಗಿ ಬಂದ ವಸ್ತು ಹೀಗೆ ಹೊಸ ರೂಪದಲ್ಲಿ, ಬಡ್ಡಿಸಹಿತವಾಗಿ, ಮರಳಿ ಸಂದಿತು. ಆಸ್ಥಾನಿಕರು ಅದರ ಮೇಲೆ ಕವಿತೆ ಬರೆದರು. ಸ್ತ್ರೀಯರು ಅದರ ಹಿಂದೆ ಮುಖ ಮರೆಸಿಕೊಂಡರು. ಸಭೆಯಲ್ಲಿ ಅದಿಲ್ಲದೆ ಕುಳಿತುಕೊಳ್ಳುವುದು ಅಮರ್ಯಾದೆಯೆನಿಸಿತು.

ಹನ್ನೆರಡನೆಯ ಶತಮಾನದ ಕೊನೆಯಲ್ಲಿ ತೈರಾ ಮತ್ತು ಮಿನಾಮೊತೊ ವಂಶಗಳ ನಡುವೆ ನಡೆದ ಮಹಾಯುದ್ಧವನ್ನು ಬಣ್ಣಿಸುವ ‘ಹೇಯ್ಕೆ ಮೊನೊಗತಾರಿ’ಯಲ್ಲಿ ಬೀಸಣಿಗೆ ರಣರಂಗವನ್ನು ಪ್ರವೇಶಿಸಿರುವುದು ಕಾಣುತ್ತದೆ. ಎರಡು ಪ್ರಸಂಗಗಳು ಪ್ರಸಿದ್ಧವಾಗಿವೆ. 1184ರ ಇಚಿನೊತಾನಿ ಯುದ್ಧದಲ್ಲಿ ಸೋತ ತೈರಾ ಪಕ್ಷದ ತರುಣ ಅತ್ಸುಮೋರಿ ಹಡಗನ್ನು ಸೇರಲು ಕುದುರೆಯನ್ನು ಕಡಲಿಗಿಳಿಸಿ ಹೋಗುತ್ತಿರುವಾಗ, ಶತ್ರುಪಕ್ಷದ ಕುಮಗಾಯ್ ನಾವೋಜಾನೆ ದಡದಿಂದ ಬೀಸಣಿಗೆಯನ್ನೆತ್ತಿ ಅವನನ್ನು ಹಿಂದಕ್ಕೆ ಕರೆಯುತ್ತಾನೆ. ವೀರನಾದವನು ಬೆನ್ನು ತೋರಿಸಬಾರದು ಎಂಬುದು ಆ ಸನ್ನೆಯ ಅರ್ಥ. ಬಾಲಕ ತಿರುಗಿ ಬರುತ್ತಾನೆ, ಪ್ರಾಣ ಕಳೆದುಕೊಳ್ಳುತ್ತಾನೆ. ಮರುವರ್ಷ, 1185ರಲ್ಲಿ, ಯಾಶಿಮಾದ ಕಡಲ ದಂಡೆಯಲ್ಲಿ ತೈರಾ ಪಕ್ಷದವರು ದೋಣಿಯೊಂದರಲ್ಲಿ ಗಳುವಿನ ತುದಿಗೆ ಸೂರ್ಯಬಿಂಬವುಳ್ಳ ಕೆಂಪು ಬೀಸಣಿಗೆಯನ್ನು ಕಟ್ಟಿ, ಸಾಧ್ಯವಾದರೆ ಹೊಡೆಯಿರಿ ಎಂದು ಸನ್ನೆ ಮಾಡುತ್ತಾರೆ. ನಾಸು ನೊ ಯೋಇಚಿ ಎಂಬ ತರುಣ ಬಿಲ್ಲಾಳು ಕುದುರೆಯನ್ನು ಅಲೆಗಳೊಳಗೆ ನಡೆಸಿ ಒಂದೇ ಬಾಣಕ್ಕೆ ಅದನ್ನು ಉರುಳಿಸುತ್ತಾನೆ. ಶತ್ರು ಮಿತ್ರರಿಬ್ಬರೂ ಅವನನ್ನು ಮೆಚ್ಚುತ್ತಾರೆ. ಎರಡು ಪ್ರಸಂಗಗಳಲ್ಲಿಯೂ ಬೀಸಣಿಗೆ ಮಾತಿನ ಕೆಲಸ ಮಾಡುತ್ತದೆ. ಪೆಟ್ಟಿನ ಕೆಲಸವನ್ನು ಕತ್ತಿಯೂ ಬಾಣವೂ ಮಾಡುತ್ತವೆ. ಈ ಭೇದ ಮುಂದಿನ ನಾಲ್ಕು ಶತಮಾನಗಳ ಕಾಲ ಹಾಗೆಯೇ ಉಳಿಯಿತು.

ಹದಿನೈದು, ಹದಿನಾರನೆಯ ಶತಮಾನಗಳ ಅಂತರ್ಯುದ್ಧದ ಕಾಲದಲ್ಲಿ ಸೈನ್ಯಗಳು ದೊಡ್ಡವಾದುವು. ಸಾವಿರಾರು ಕಾಲಾಳುಗಳ ಗದ್ದಲದಲ್ಲಿ ದಂಡನಾಯಕನ ಕೊರಳು ಕೇಳಿಸುವಂತಿರಲಿಲ್ಲ. ಶಂಖ, ನಗಾರಿ, ಧ್ವಜಗಳ ಜತೆಗೆ ಗುಂಬಾಯ್ ಪ್ರಾಮುಖ್ಯಕ್ಕೆ ಬಂದುದು ಆಗ. ಈ ಶಬ್ದದ ಮೂಲಾರ್ಥ ಸೇನೆಯ ವಿನ್ಯಾಸ ಎಂಬುದೇ ಹೊರತು ಬೀಸಣಿಗೆಯೆಂದಲ್ಲ. ಅದನ್ನು ಬೀಸಣಿಗೆಯ ಮೂಲಕ ಸೂಚಿಸುತ್ತಿದ್ದುದರಿಂದ ಹೆಸರು ವಸ್ತುವಿಗೇ ಅಂಟಿಕೊಂಡಿತು. ಆ ಕಾಲದ ಸಾಮಂತರು ತಮ್ಮ ಬಳಿ ಗುಂಬಾಯ್‌ಶಾ ಎಂಬ ತಜ್ಞರನ್ನು ಇಟ್ಟುಕೊಳ್ಳುತ್ತಿದ್ದರು. ಯಾವ ದಿನ, ಯಾವ ಗಳಿಗೆಯಲ್ಲಿ, ಯಾವ ದಿಕ್ಕಿಗೆ ಸೈನ್ಯ ಹೊರಡಬೇಕೆಂದು ಗಣಿಸಿ ಹೇಳುವುದು ಇವರ ಕಾರ್ಯಗಳಲ್ಲೊಂದು. ಆದಕಾರಣವೇ ಗುಂಬಾಯ್‌ಗಳ ಮೇಲೆ ಸೂರ್ಯಚಂದ್ರರು, ಹನ್ನೆರಡು ರಾಶಿಪ್ರಾಣಿಗಳು, ಚಂದ್ರನ ನಕ್ಷತ್ರಮಂದಿರಗಳು, ಕೆಲವೊಮ್ಮೆ ಸಂಸ್ಕೃತದ ಬೀಜಾಕ್ಷರಗಳು ಕೂಡ ಚಿತ್ರಿತವಾಗಿರುತ್ತವೆ.

ಭಾರತೀಯ ವಾಚಕರು ಇಲ್ಲಿ ಒಂದು ಕ್ಷಣ ನಿಲ್ಲಬಹುದು. ಆ ಬೀಜಾಕ್ಷರಗಳು ಸಿದ್ಧಂ ಲಿಪಿಯವು. ನಕ್ಷತ್ರಗಣನೆಯ ಬೌದ್ಧಶಾಖೆಯಾದರೋ ಎಂಟನೆಯ ಶತಮಾನದಲ್ಲಿ ಅಮೋಘವಜ್ರನು ಚೀನೀ ಭಾಷೆಯಲ್ಲಿ ರಚಿಸಿದ ಜ್ಯೋತಿಷಗ್ರಂಥದ ಮೂಲಕ ಬಂದುದು. ಜಪಾನಿನ ಕೂಕಾಯ್ ಎಂಬ ಆಚಾರ್ಯನು 806ರಲ್ಲಿ ಚೀನದಿಂದ ಹಿಂದಿರುಗಿದಾಗ ಆ ಗ್ರಂಥವನ್ನೂ ಸಿದ್ಧಂ ಲಿಪಿಯ ವಿದ್ಯೆಯನ್ನೂ ತನ್ನೊಡನೆ ತಂದನು. ಚೀನದಲ್ಲಿ ಸ್ವತಂತ್ರವಾಗಿಯೂ ನಕ್ಷತ್ರಮಂದಿರಗಳ ಪದ್ಧತಿಯಿತ್ತಾದುದರಿಂದ ಎಲ್ಲವನ್ನೂ ಭಾರತದ ಖಾತೆಗೆ ಬರೆಯುವುದು ಸರಿಯಲ್ಲ. ಆದರೂ ಉತ್ತರ ಜಪಾನಿನ ಸಾಮಂತನೊಬ್ಬನು ಮುಹೂರ್ತ ನೋಡಿ ಎತ್ತಿದ ಬೀಸಣಿಗೆಯ ಮೇಲೆ ಸಂಸ್ಕೃತಾಕ್ಷರವಿದ್ದುದು ಚರಿತ್ರೆಯ ಒಂದು ಸೊಗಸಾದ ಸಂಗತಿ.

ಗುಂಬಾಯ್ ಇಂದಿಗೂ ಸುಮೋ ಮಲ್ಲಯುದ್ಧದ ಅಂಕಣದಲ್ಲಿ ಜೀವಂತವಾಗಿದೆ. ಗ್ಯೋಜಿ ಎಂಬ ತೀರ್ಪುಗಾರನು ಗೆದ್ದವನ ಕಡೆಗೆ ಅದನ್ನು ಚಾಚಿ ತೀರ್ಪು ಕೊಡುತ್ತಾನೆ. ‘ಗುಂಬಾಯ್ ಎತ್ತುವುದು’ ಎಂದರೆ ಒಬ್ಬನನ್ನು ಗೆದ್ದನೆಂದು ಸಾರುವುದು ಎಂಬ ನುಡಿಗಟ್ಟು ಜಪಾನೀ ಭಾಷೆಯಲ್ಲಿ ಬಳಕೆಯಲ್ಲಿದೆ. ಅತ್ಯುನ್ನತ ದರ್ಜೆಯ ಗ್ಯೋಜಿಯ ಸೊಂಟದಲ್ಲಿ ಚೂರಿಯೊಂದಿರುತ್ತದೆ. ತೀರ್ಪು ತಪ್ಪಿದರೆ ಹೊಟ್ಟೆ ಕೊಯ್ದುಕೊಳ್ಳಲು ಸಿದ್ಧನೆಂಬುದರ ಕುರುಹು ಅದು. ಇತ್ತೀಚಿನವರಾರೂ ಆ ಮಾತನ್ನು ಅಕ್ಷರಶಃ ನಡೆಸಿಲ್ಲವೆಂಬುದು ಸಂತೋಷದ ವಿಷಯ.

ಇಷ್ಟಾದ ಮೇಲೆ, ರಣರಂಗದಲ್ಲಿ ಬೀಸಣಿಗೆಯಿಂದ ಕತ್ತಿಯನ್ನು ತಡೆದುದಕ್ಕೆ ಎಲ್ಲರೂ ಎತ್ತಿಹೇಳುವ ಉದಾಹರಣೆಯನ್ನು ಪರಿಶೀಲಿಸಬೇಕು. ಕಾಯ್ ಪ್ರಾಂತದ ತಕೆದಾ ಶಿಂಗೆನ್ ಮತ್ತು ಎಚಿಗೊ ಪ್ರಾಂತದ ಉಯೆಸುಗಿ ಕೆನ್‌ಶಿನ್ ಇಬ್ಬರೂ ಆ ಯುಗದ ಮಹಾಸೇನಾನಿಗಳು. ಉತ್ತರ ಶಿನಾನೊ ಪ್ರದೇಶಕ್ಕಾಗಿ ಇವರ ಸೈನ್ಯಗಳು ಕವಾನಕಾಜಿಮಾ ಎಂಬ ಬಯಲಿನಲ್ಲಿ 1553ರಿಂದ 1564ರವರೆಗೆ ಐದು ಸಲ ಎದುರಾದುವು. ನಿಜವಾಗಿ ಘೋರವಾದುದು 1561ರ ನಾಲ್ಕನೆಯ ಯುದ್ಧ. ಶಿಂಗೆನ್ನನ ತಮ್ಮ ನೊಬುಶಿಗೆ ಅದರಲ್ಲಿ ಮಡಿದನು. ಆ ದಿನದ ಗೊಂದಲದಲ್ಲಿ ಕೆನ್‌ಶಿನ್ ಒಂಟಿ ಸವಾರನಾಗಿ ಶತ್ರುವಿನ ಪಾಳೆಯದ ನಡುವಿಗೆ ನುಗ್ಗಿ, ಪೀಠದ ಮೇಲೆ ಕುಳಿತಿದ್ದ ಶಿಂಗೆನ್ನನ ಮೇಲೆ ಕತ್ತಿ ಬೀಸಿದನೆಂದೂ, ಶಿಂಗೆನ್ ತನ್ನ ಬೀಸಣಿಗೆಯಿಂದಲೇ ಅದನ್ನು ತಡೆದನೆಂದೂ ಕಥೆ. ನಾಗಾನೊ ನಗರದ ಹಚಿಮಾನ್‌ಬಾರಾದಲ್ಲಿ ಈ ದೃಶ್ಯದ ಕಂಚಿನ ಪ್ರತಿಮೆಗಳಿವೆ; ಆ ಸ್ಥಳಕ್ಕೆ ‘ಮೂರು ಪೆಟ್ಟು, ಏಳು ಗುರುತು’ ಎಂಬರ್ಥದ ಹೆಸರೂ ಇದೆ.

ಈ ಕಥೆಯ ಮೂಲ ‘ಕೋಯೋ ಗುಂಕನ್’ ಎಂಬ ಗ್ರಂಥ. ತಕೆದಾ ವಂಶದ ಚರಿತ್ರೆಯನ್ನೂ ಯುದ್ಧನೀತಿಯನ್ನೂ ಹೇಳುವ ಈ ಗ್ರಂಥಕ್ಕೆ ಕರ್ತೃವೆಂದು ಶಿಂಗೆನ್ನನ ಸರದಾರನೊಬ್ಬನ ಹೆಸರಿದೆಯಾದರೂ, ಈಗಿರುವ ರೂಪವನ್ನು ಅದಕ್ಕೆ ಕೊಟ್ಟವನು ಹದಿನೇಳನೆಯ ಶತಮಾನದ ಆದಿಯಲ್ಲಿದ್ದ ಒಬಾತಾ ಕಾಗೆನೋರಿ. ಅದರಲ್ಲಿ ಹೇಳಿರುವುದನ್ನು ಕಥೆಗಾರರ ಕೈಗೆ ಸಿಕ್ಕದ ಮೊದಲ ರೂಪದಲ್ಲಿಯೇ ನೋಡುವುದು ಒಳ್ಳೆಯದು. ಬಿಳಿಯ ಬಟ್ಟೆಯಿಂದ ತಲೆ ಸುತ್ತಿಕೊಂಡ ಯೋಧನೊಬ್ಬನು ಕುದುರೆಯ ಮೇಲೆ ಬಂದು ಮೂರು ಸಲ ಕಡಿಯುತ್ತಾನೆ. ಶಿಂಗೆನ್ ಎದ್ದು ನಿಂತು ಗುಂಬಾಯ್-ಉಚಿವಾದಿಂದ ತಡೆಯುತ್ತಾನೆ. ಅವನ ಪರಿವಾರದ ಹಾರಾ ಎಂಬವನು ಈಟಿಯಿಂದ ಸವಾರನನ್ನು ತಿವಿಯಲು ಹೋಗಿ ಗುರಿ ತಪ್ಪುತ್ತಾನೆ. ಪೆಟ್ಟು ಕುದುರೆಗೆ ತಗಲಿ ಅದು ಬೆದರಿ ಓಡುತ್ತದೆ. ಆಮೇಲೆ ನೋಡಿದರೆ ಬೀಸಣಿಗೆಯ ಮೇಲೆ ಎಂಟು ಕಡಿತದ ಗುರುತುಗಳು. ಬಂದವನು ಕೆನ್‌ಶಿನ್ ಎಂಬುದು ತಿಳಿದುದೂ ಆಮೇಲೆಯೇ. ಗ್ರಂಥದಲ್ಲಿ ಎಂಟು, ಸ್ಥಳದ ಹೆಸರಿನಲ್ಲಿ ಏಳು. ಲೆಕ್ಕ ಕೂಡದಿರುವುದು ಇಷ್ಟರಲ್ಲಿಯೇ ಅಲ್ಲ. ಉಯೆಸುಗಿ ವಂಶದವರ ವೃತ್ತಾಂತದ ಪ್ರಕಾರ ಕತ್ತಿ ಬೀಸಿದವನು ಕೆನ್‌ಶಿನ್ ಅಲ್ಲ, ಅವನ ಸರದಾರ ಅರಾಕಾವಾ ಇಜು ನೊ ಕಾಮಿ. ಸ್ವಂತ ವಂಶದವರೇ ತಮ್ಮ ನಾಯಕನ ಸಾಹಸವನ್ನು ಬೇರೊಬ್ಬನಿಗೆ ಬಿಟ್ಟುಕೊಡುವುದು ಚರಿತ್ರೆಯಲ್ಲಿ ಅಪರೂಪ. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ.

ಆಧುನಿಕ ಇತಿಹಾಸಕಾರರಲ್ಲಿ ತನಕಾ ಯೋಶಿನಾರಿ 1891ರಲ್ಲಿಯೇ ‘ಕೋಯೋ ಗುಂಕನ್’ ಗ್ರಂಥದ ಪ್ರಾಮಾಣ್ಯವನ್ನು ತೀವ್ರವಾಗಿ ಪ್ರಶ್ನಿಸಿದನು. ಅಲ್ಲಿಂದ ಮುಂದೆ ಬಹುಕಾಲ ಅದನ್ನು ಕಟ್ಟುಕಥೆಗಳ ಕಂತೆಯೆಂದೇ ಭಾವಿಸುತ್ತಿದ್ದರು. ಇಪ್ಪತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಸಕಾಯ್ ಕೆಂಜಿ ಅದರ ಭಾಷೆಯನ್ನು ಪರಿಶೋಧಿಸಿ, ಅದರಲ್ಲಿ ಹದಿನಾರನೆಯ ಶತಮಾನದ ಹಳೆಯ ನುಡಿ ಬಹಳಷ್ಟು ಉಳಿದಿದೆಯೆಂದು ತೋರಿಸಿದ ಮೇಲೆ ಅಭಿಪ್ರಾಯ ಸ್ವಲ್ಪ ಬದಲಾಯಿತು. ಆದರೆ ಭಾಷೆ ಹಳೆಯದೆಂದ ಮಾತ್ರಕ್ಕೆ ಹೇಳಿದುದೆಲ್ಲ ನಡೆದದ್ದೆಂದು ಅರ್ಥವಲ್ಲ. ಸಮಕಾಲೀನವಾದ ಒಂದು ದಾಖಲೆ ಮಾತ್ರ ಇದೆ. ಯುದ್ಧ ನಡೆದ ಮರುತಿಂಗಳು, ರಾಜಾಸ್ಥಾನದ ಮಹಾಮಂತ್ರಿಯಾಗಿದ್ದ ಕೊನೊಯೆ ಸಾಕಿಹಿಸಾ ಕೆನ್‌ಶಿನ್ನನಿಗೆ ಬರೆದ ಪತ್ರದಲ್ಲಿ, ಸ್ವತಃ ಕತ್ತಿ ಹಿಡಿದು ಹೋರಾಡಿದುದಕ್ಕಾಗಿ ಅವನನ್ನು ಪ್ರಶಂಸಿಸಿದ್ದಾನೆ. ಕೆನ್‌ಶಿನ್ ಆ ದಿನ ಕೈಯಾರೆ ಹೋರಾಡಿದುದು ಹೀಗೆ ಖಚಿತವಾಗುತ್ತದೆ. ಶಿಂಗೆನ್ ಎದುರಾದುದಾಗಲಿ ಬೀಸಣಿಗೆಯ ಮಾತಾಗಲಿ ಅದರಲ್ಲಿಲ್ಲ.

ಘಟನೆ ನಡೆದಿತ್ತೆಂದೇ ಒಪ್ಪಿದರೂ ತೆಸ್ಸೆನ್ನಿನ ಚರಿತ್ರೆಗೆ ಅದರಿಂದ ಸಿಗುವ ಪುರಾವೆ ಅಲ್ಪ. ಶಿಂಗೆನ್ನನ ಕೈಯಲ್ಲಿದ್ದುದು ಗುಂಬಾಯ್, ಆಜ್ಞೆಯ ಬೀಸಣಿಗೆ. ಕಬ್ಬಿಣದ್ದೆಂದು ಮೂಲದಲ್ಲಿ ಹೇಳಿಲ್ಲ. ಅದನ್ನು ಅವನು ಆಯುಧವಾಗಿ ಬಳಸಿದುದು ಕತ್ತಿ ಎಳೆಯಲು ಸಮಯವಿಲ್ಲದ್ದರಿಂದ. ಮೈಮೇಲೆ ಬೀಳುವ ಪೆಟ್ಟನ್ನು ಲೇಖಕನೊಬ್ಬನು ತನ್ನ ಪುಸ್ತಕದಿಂದ ತಡೆದರೆ ಪುಸ್ತಕವನ್ನು ಗುರಾಣಿಗಳ ಪಟ್ಟಿಗೆ ಸೇರಿಸುವುದಿಲ್ಲ. ಕಥೆಯನ್ನು ಮುಂದಿನವರು ಇಷ್ಟು ಪ್ರೀತಿಯಿಂದ ಹೇಳಿಕೊಂಡು ಬಂದುದಕ್ಕೆ ಕಾರಣ ಅದರ ಚಿತ್ರಶಕ್ತಿ: ಒಂದು ಕಡೆ ಕೆರಳಿದ ಕತ್ತಿ, ಇನ್ನೊಂದು ಕಡೆ ಕದಲದ ಬೀಸಣಿಗೆ. ಅದನ್ನು ಬರೆದು ಓದಿ ಮೆಚ್ಚಿದವರು ಯುದ್ಧವನ್ನು ಕಾಣದ ತಲೆಮಾರುಗಳ ಸಮುರಾಯಿಗಳು ಎಂಬುದನ್ನು ಗಮನಿಸಬೇಕು. ತೆಸ್ಸೆನ್ನಿನ ಯುಗ ಅವರದೇ.

1615ರಲ್ಲಿ ಒಸಾಕಾ ಕೋಟೆ ಬಿದ್ದ ಮೇಲೆ ತೊಕುಗಾವಾ ಮನೆತನದ ಆಡಳಿತ ಭದ್ರವಾಯಿತು. ಮುಂದಿನ ಇನ್ನೂರು ವರ್ಷಗಳಿಗೂ ಮೀರಿದ ಅವಧಿಯಲ್ಲಿ ದೇಶದಲ್ಲಿ ದೊಡ್ಡ ಯುದ್ಧವೆಂದರೆ 1637-38ರ ಶಿಮಾಬಾರಾ ದಂಗೆಯೊಂದೇ. ಯೋಧವರ್ಗಕ್ಕೆ ಎರಡು ಕತ್ತಿ ಧರಿಸುವ ಹಕ್ಕೇನೋ ಇತ್ತು. ಅದನ್ನು ಎಳೆಯುವ ಸಂದರ್ಭ ಮಾತ್ರ ಇರಲಿಲ್ಲ. ಪರರ ಮನೆಗೆ ಹೋದಾಗ ಉದ್ದ ಕತ್ತಿಯನ್ನು ಬಾಗಿಲಲ್ಲಿಯೇ ಕಳಚಬೇಕು. ಎದೊ ನಗರದ ಯೋಶಿವಾರಾ ವಿಲಾಸಕೇರಿಯ ಮನೆಗಳಲ್ಲಿ ಕತ್ತಿಗಳನ್ನು ಒಪ್ಪಿಸಿಯೇ ಒಳಗೆ ಹೋಗಬೇಕು. ಶೋಗುನನ ಕೋಟೆಯೊಳಗೆ ಕತ್ತಿ ಎಳೆದವನ ಗತಿಯೇನೆಂಬುದಕ್ಕೆ 1701ರ ಪ್ರಸಂಗವೇ ಸಾಕ್ಷಿ. ಅಕೊ ಸಂಸ್ಥಾನದ ಒಡೆಯ ಅಸಾನೊ ನಾಗಾನೋರಿ ಕೋಟೆಯ ಮೊಗಸಾಲೆಯಲ್ಲಿ ಕಿರಾ ಯೋಶಿನಾಕಾ ಎಂಬ ಅಧಿಕಾರಿಯ ಮೇಲೆ ಕಿರುಗತ್ತಿ ಬೀಸಿದನು. ಗಾಯ ಸಣ್ಣದು, ಕಿರಾ ಬದುಕಿದನು. ಅಸಾನೊ ಮಾತ್ರ ಅದೇ ದಿನ ಸಂಜೆಯೊಳಗೆ ಹೊಟ್ಟೆ ಕೊಯ್ದುಕೊಂಡು ಸಾಯಬೇಕಾಯಿತು. ಸಂಸ್ಥಾನ ಮುಟ್ಟುಗೋಲಾಯಿತು, ಅವನನ್ನು ನಂಬಿದ ನೂರಾರು ಕುಟುಂಬಗಳು ಬೀದಿಪಾಲಾದುವು. ಒಡೆಯನ ಸೇಡು ತೀರಿಸಿಕೊಂಡ ನಲವತ್ತೇಳು ಮಂದಿಯ ಕಥೆ ಸುವಿದಿತವಾದದ್ದು. ಅದನ್ನು ಇಲ್ಲಿ ವಿಸ್ತರಿಸಬೇಕಾದುದಿಲ್ಲ. ಎಳೆದ ಕತ್ತಿಯ ಬೆಲೆ ಎಷ್ಟಾಗುತ್ತಿತ್ತೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇಂಥ ಪರಿಸ್ಥಿತಿಯಲ್ಲಿ ಮಾನಸ್ಥನಾದ ಯೋಧನು ಎರಡು ಭಯಗಳ ನಡುವೆ ಸಿಕ್ಕಿಬಿದ್ದಿದ್ದನು. ಯಾರಾದರೂ ಮೇಲೆ ಬಿದ್ದಾಗ ಎದುರಿಸದಿದ್ದರೆ ಹೇಡಿಯೆಂಬ ಅಪಕೀರ್ತಿ. ಕತ್ತಿ ಎಳೆದು ಎದುರಿಸಿದರೆ ಮರಣದಂಡನೆ. ಈ ಇಕ್ಕಟ್ಟಿನಿಂದ ಪಾರಾಗಲು ಅಲಗಿಲ್ಲದ, ಒರೆಯಿಲ್ಲದ, ಎಲ್ಲಿಗೆ ಬೇಕಾದರೂ ಒಯ್ಯಬಹುದಾದ ಸಾಧನ ಬೇಕಾಗಿತ್ತು. ಬೀಸಣಿಗೆಯನ್ನು ಯಾವ ಬಾಗಿಲಲ್ಲಿಯೂ ಕಳಚಿಡಬೇಕಾಗಿರಲಿಲ್ಲ. ಅಷ್ಟೇ ಅಲ್ಲ, ಔಪಚಾರಿಕ ವೇಷದಲ್ಲಿ ಅದು ಇರಲೇಬೇಕು. ಹಿರಿಯರ ಮುಂದೆ ಮಂಡಿಯೂರಿ ನಮಸ್ಕರಿಸುವಾಗ ಮುಚ್ಚಿದ ಬೀಸಣಿಗೆಯನ್ನು ಮೊಣಕಾಲ ಮುಂದೆ ಅಡ್ಡಲಾಗಿ ಇಡುವುದು ಜಪಾನಿನ ಶಿಷ್ಟಾಚಾರ. ತಾನಿರುವ ನೆಲೆಗೂ ಮಾನ್ಯರಿರುವ ನೆಲೆಗೂ ನಡುವಣ ಗಡಿ ಅದು. ಆ ಗಡಿರೇಖೆ ಕಬ್ಬಿಣದ್ದಾಗಿದ್ದರೆ ಹೇಳುವವರಾರು?

ಬೀಸಣಿಗೆ ಕತ್ತಿಯ ಸ್ಥಾನವನ್ನು ಆಕ್ರಮಿಸಿದುದಕ್ಕೆ ಇದೇ ಕಾಲದ ಇನ್ನೊಂದು ನಿದರ್ಶನ ಹೆಚ್ಚು ವಿಷಾದಕರವಾದದ್ದು. ಮರಣದಂಡನೆಯಾಗಿ ವಿಧಿಸಿದ ಸೆಪ್ಪುಕು, ಅಂದರೆ ಉದರಚ್ಛೇದನದ ವಿಧಿ, ಕ್ರಮೇಣ ಬರಿಯ ಆಚಾರವಾಗುತ್ತ ಬಂದಿತು. ಅಪರಾಧಿಯ ಮುಂದಿನ ತಟ್ಟೆಯಲ್ಲಿ ಚೂರಿಯ ಬದಲು ಬೀಸಣಿಗೆಯನ್ನಿಡುವ ಪದ್ಧತಿ ಹುಟ್ಟಿತು. ಅವನು ಅದಕ್ಕೆ ಕೈ ಚಾಚಿದೊಡನೆಯೇ ಹಿಂದೆ ನಿಂತವನು ತಲೆ ಕಡಿಯುತ್ತಿದ್ದನು. ಇದಕ್ಕೆ ‘ಓಗಿಬಾರಾ’, ಬೀಸಣಿಗೆಯ ಹೊಟ್ಟೆ, ಎಂದು ಹೆಸರು. ಸಾಯಲಿರುವವನ ಕೈಗೂ ಕತ್ತಿ ಕೊಡಲು ಅಂಜಿದ ಕಾಲವದು.

ಇನ್ನು ತೆಸ್ಸೆನ್ನಿನ ರಚನೆ ಮತ್ತು ಪ್ರಯೋಗ. ಉದ್ದ ಸಾಮಾನ್ಯವಾಗಿ ಒಂದು ಶಾಕು, ಎಂದರೆ ಸುಮಾರು 30 ಸೆಂಟಿಮೀಟರು. ಅದಕ್ಕಿಂತ ತುಸು ಹೆಚ್ಚುಕಡಮೆಯಾದವೂ ಉಂಟು. ಇದು ಕಡಿಯುವ ಆಯುಧವಲ್ಲ, ಹೊಡೆಯುವ ಆಯುಧ. ಅಂಚಿನಲ್ಲಿ ಕ್ಷೌರದ ಕತ್ತಿಯಂಥ ಅಲಗುಗಳಿರುವ ಬೀಸಣಿಗೆಯನ್ನು ಎಸೆದು ಕುತ್ತಿಗೆ ಕತ್ತರಿಸುವುದೆಲ್ಲ ಚಲಚ್ಚಿತ್ರಗಳ ಸೊತ್ತು. ನದಿ ದಾಟುವಾಗ ಈಜಲು ಅದನ್ನು ಹುಟ್ಟಿನಂತೆ ಬಳಸುತ್ತಿದ್ದರೆಂದು ಕೆಲವು ಇಂಗ್ಲಿಷ್ ಪುಸ್ತಕಗಳಲ್ಲಿದೆ. ಕಬ್ಬಿಣದ ತುಂಡು ಹಿಡಿದು ಈಜಿದವರು ಯಾರೆಂಬುದನ್ನು ಆ ಲೇಖಕರೇ ಹೇಳಬೇಕು. ನಿಜವಾದ ವಿದ್ಯೆ ಇದಕ್ಕಿಂತ ಸರಳ, ಇದಕ್ಕಿಂತ ಕಠಿಣ. ಮುಚ್ಚಿದ ಬೀಸಣಿಗೆಯನ್ನು ಗಿಡ್ಡ ದೊಣ್ಣೆಯಂತೆ ಹಿಡಿದು, ಎದುರಾಳಿಯ ಕತ್ತಿಯ ದಾರಿಯಿಂದ ಮೈಯನ್ನು ಸರಿಸಿ, ಅವನ ಮಣಿಕಟ್ಟಿಗೋ ಕಣತಲೆಗೋ ಹೊಡೆಯುವುದು, ಗಂಟಲಿಗೆ ತಿವಿಯುವುದು, ಕೈಯನ್ನು ಒತ್ತಿ ತಿರುಚಿ ಕೆಡವುವುದು. ಮೂರಡಿ ಕತ್ತಿಗೆ ಒಂದಡಿ ಕಬ್ಬಿಣವನ್ನು ಎದುರು ನಿಲ್ಲಿಸಬೇಕಾದುದರಿಂದ ಶತ್ರುವಿನ ತೀರ ಸಮೀಪಕ್ಕೆ ನುಗ್ಗದೆ ಗತಿಯಿಲ್ಲ. ಆದಕಾರಣ ಈ ವಿದ್ಯೆ ಕತ್ತಿವರಸೆಗಿಂತ ಹೆಚ್ಚಾಗಿ ಕೈಗೈ ಹಿಡಿಯುವ ಜುಜುತ್ಸುವಿಗೆ ಹತ್ತಿರವಾದದ್ದು.

ಪರಂಪರೆಗಳನ್ನು ನೋಡಿದರೂ ಈ ನಂಟು ಎದ್ದು ಕಾಣುತ್ತದೆ. 1532ರಲ್ಲಿ ಮಿಮಾಸಾಕಾ ಪ್ರಾಂತದಲ್ಲಿ, ಈಗಿನ ಒಕಾಯಾಮಾ ಪ್ರಾಂತದಲ್ಲಿ, ತಕೆನೊಉಚಿ ಹಿಸಾಮೋರಿ ಸ್ಥಾಪಿಸಿದನೆನ್ನುವ ತಕೆನೊಉಚಿ ಸಂಪ್ರದಾಯ ಜುಜುತ್ಸುವಿನ ಅತ್ಯಂತ ಹಳೆಯ ಗುರುಪರಂಪರೆಗಳಲ್ಲೊಂದು. ಅದರ ಪಾಠಕ್ರಮದಲ್ಲಿ ತೆಸ್ಸೆನ್ ಉಂಟು. ಕ್ಯುಶು ದ್ವೀಪದ ಫುಕುವೋಕಾದಲ್ಲಿ ಕುರೋದಾ ಸಂಸ್ಥಾನದ ಆಶ್ರಯದಲ್ಲಿ ಬೆಳೆದು, ಶಿಂತೊ ಮುಸೊ ಎಂಬ ದಂಡವಿದ್ಯೆಯ ಪರಂಪರೆಯೊಡನೆ ಉಳಿದುಬಂದಿರುವ ಇಕ್ಕಾಕು ಸಂಪ್ರದಾಯ ಇನ್ನೂ ಕುತೂಹಲಕರವಾದದ್ದು. ಅದರಲ್ಲಿ ಒಂದು ಕೈಯಲ್ಲಿ ಜಿತ್ತೆ, ಇನ್ನೊಂದು ಕೈಯಲ್ಲಿ ತೆಸ್ಸೆನ್. ಜಿತ್ತೆಯೆಂದರೆ ಕೊಕ್ಕೆಯುಳ್ಳ ಕಬ್ಬಿಣದ ಸಲಾಕೆ. ತೊಕುಗಾವಾ ಕಾಲದ ನಗರರಕ್ಷಕರ ಅಧಿಕಾರಚಿಹ್ನೆ. ಕತ್ತಿ ಹಿಡಿದು ಮೇಲೆ ಬೀಳುವವನನ್ನು ಕೊಲ್ಲದೆ ಸೆರೆಹಿಡಿಯುವುದು ಈ ಅಭ್ಯಾಸಗಳ ಗುರಿ. ರಣರಂಗದ ವಿದ್ಯೆಗೆ ಇಂಥ ಗುರಿ ಇರುವುದಿಲ್ಲ. ಬೀದಿಯ ಶಾಂತಿಯನ್ನು ಕಾಪಾಡುವವನಿಗೆ ಇರುತ್ತದೆ.

ಅರಾಕಿ ಮುರಾಶಿಗೆಯ ಹೆಸರಿನಲ್ಲಿ ಪ್ರಚಾರದಲ್ಲಿರುವ ಕಥೆಯೊಂದನ್ನು ಇಲ್ಲಿ ಸ್ಮರಿಸಬಹುದು. ಈತನು ಒದಾ ನೊಬುನಾಗಾನ ಸರದಾರನಾಗಿದ್ದು 1578ರಲ್ಲಿ ಅವನ ವಿರುದ್ಧ ಬಂಡೆದ್ದವನು. ನೊಬುನಾಗಾ ಇವನನ್ನು ಕೊಲ್ಲಿಸುವ ಉದ್ದೇಶದಿಂದ ಸಭೆಗೆ ಕರೆಸಿದನಂತೆ. ಹೊಸ್ತಿಲಾಚೆ ಮಂಡಿಯೂರಿ ತಲೆ ಬಾಗಿಸಿದಾಗ ಎರಡು ಕಡೆಗಳಿಂದಲೂ ಭಾರವಾದ ಸರಿಬಾಗಿಲುಗಳನ್ನು ರಭಸದಿಂದ ತಳ್ಳಿ ಕುತ್ತಿಗೆ ಮುರಿಯಬೇಕೆಂಬುದು ಸಂಚು. ಮುರಾಶಿಗೆ ನಮಸ್ಕರಿಸುವ ನೆಪದಲ್ಲಿ ತನ್ನ ತೆಸ್ಸೆನ್ನನ್ನು ಹೊಸ್ತಿಲಿನ ತೋಡಿನೊಳಗೆ ಅಡ್ಡವಾಗಿ ಇಟ್ಟನು. ಬಾಗಿಲುಗಳು ಅದಕ್ಕೆ ಬಡಿದು ನಿಂತುವು. ಅವನು ಏನೂ ನಡೆಯದವನಂತೆ ನಮಸ್ಕಾರ ಮುಗಿಸಿದನು. ಈ ಕಥೆಯನ್ನು ಇತಿಹಾಸವೆಂದು ಸ್ವೀಕರಿಸುವುದಕ್ಕೆ ಆಧಾರ ಸಾಲದು. ಆದರೂ ಇದನ್ನು ಕಟ್ಟಿದವರಿಗೆ ತೆಸ್ಸೆನ್ನಿನ ಸ್ವಭಾವ ಚೆನ್ನಾಗಿ ತಿಳಿದಿತ್ತು. ಬಯಲು, ಕುದುರೆ, ಸೈನ್ಯ ಯಾವುದೂ ಇದರಲ್ಲಿಲ್ಲ. ಇರುವುದು ಒಂದು ಹೊಸ್ತಿಲು, ಒಂದು ನಮಸ್ಕಾರ, ಮರ್ಯಾದೆಯೊಳಗೆ ಅಡಗಿದ ಕೊಲೆ, ಮರ್ಯಾದೆಯೊಳಗೇ ಅಡಗಿದ ರಕ್ಷಣೆ.

ಅಡಗಿರುವುದೇ ಈ ಆಯುಧದ ಗುಣವೆಂದ ಮೇಲೆ, ಅದನ್ನು ಎಲ್ಲರಿಗೂ ಕಾಣುವಂತೆ ಮೆರೆಸಿದವನ ಮಾತನ್ನೂ ಹೇಳಬೇಕು. ಶೋಗುನರ ಆಡಳಿತ ಕುಸಿಯುತ್ತಿದ್ದ 1863ರಲ್ಲಿ ಎದೊದಿಂದ ಕ್ಯೋತೋಗೆ ಬಂದ ಅಲೆಮಾರಿ ಯೋಧರ ಗುಂಪಿನಲ್ಲಿ ಮಿತೊ ಪ್ರಾಂತದ ಸೆರಿಜಾವಾ ಕಾಮೊ ಒಬ್ಬನು. ಮುಂದೆ ಶಿನ್‌ಸೆನ್‌ಗುಮಿ ಎಂದು ಹೆಸರಾದ ಪಡೆಯ ಮೊದಲ ನಾಯಕರಲ್ಲಿ ಈತನು ಸೇರಿದ್ದನು. ಇವನ ಕೈಯಲ್ಲಿ ಸದಾ ದೊಡ್ಡ ತೆಸ್ಸೆನ್ ಇರುತ್ತಿತ್ತೆಂದೂ, ‘ನಿಷ್ಠೆಯಿಂದ ದೇಶದ ಋಣ ತೀರಿಸುವ ವೀರ ಸೆರಿಜಾವಾ ಕಾಮೊ’ ಎಂಬರ್ಥದ ಅಕ್ಷರಗಳನ್ನು ಅದರ ಮೇಲೆ ಕೆತ್ತಿಸಿದ್ದನೆಂದೂ, ಅದರ ತೂಕ 300 ಮೊಮ್ಮೆ ಎಂದೂ ಪ್ರತೀತಿ. ಮೊಮ್ಮೆಯೆಂದರೆ 3.75 ಗ್ರಾಂ, ಒಸಾಕಾದ ವರ್ತಕರು ಬೆಳ್ಳಿಹಣವನ್ನು ಲೆಕ್ಕಿಸುತ್ತಿದ್ದ ತೂಕವೂ ಅದೇ. ಈಗಿನ ಜಪಾನಿನ ಐದು ಯೆನ್ನಿನ ನಾಣ್ಯ ಸರಿಯಾಗಿ ಒಂದು ಮೊಮ್ಮೆ ತೂಗುತ್ತದೆ. ಅಂತಹ 300 ನಾಣ್ಯಗಳ ಭಾರ, ಎಂದರೆ 1,125 ಗ್ರಾಂ, ಸೆರಿಜಾವಾನ ಬೀಸಣಿಗೆಯದು. ಒರೆಯಿಲ್ಲದ ಉದ್ದ ಕತ್ತಿಗಿಂತ ಕಡಮೆಯೇನೂ ಅಲ್ಲ. ಇಷ್ಟು ಭಾರದ ಕಬ್ಬಿಣವನ್ನು ಬೀಸಣಿಗೆಯೆಂದು ಕರೆಯುವುದು ಹಾಸ್ಯ. ಅದರ ಮೇಲೆ ಸ್ವಂತ ಹೆಸರು ಕೆತ್ತಿಸಿಕೊಂಡು ಬೀದಿಯಲ್ಲಿ ನಡೆಯುವುದು ಬೆದರಿಕೆ. ಕುಡಿತ ಮತ್ತು ದಬ್ಬಾಳಿಕೆಗಳಿಂದ ಕುಖ್ಯಾತನಾದ ಅವನನ್ನು ಅದೇ ವರ್ಷ ಶರತ್ಕಾಲದ ಒಂದು ರಾತ್ರಿ ಸ್ವಂತ ಪಡೆಯವರೇ ಕ್ಯೋತೋದ ಮಿಬು ಗ್ರಾಮದಲ್ಲಿ, ಅವನು ಮಲಗಿದ್ದ ಮನೆಯಲ್ಲಿ, ಕತ್ತಿಗಳಿಂದ ಕಡಿದು ಕೊಂದರು.

ಐದು ವರ್ಷಗಳ ತರುವಾಯ ಶೋಗುನರ ಆಡಳಿತ ಕೊನೆಗೊಂಡಿತು. 1876ರ ಮಾರ್ಚಿಯಲ್ಲಿ ಹೊಸ ಸರಕಾರವು ಸೈನಿಕರು, ಪೋಲೀಸರು ಮತ್ತು ಸಮವಸ್ತ್ರದ ಅಧಿಕಾರಿಗಳನ್ನು ಬಿಟ್ಟು ಉಳಿದವರಾರೂ ಕತ್ತಿ ಧರಿಸಕೂಡದೆಂದು ಆಜ್ಞೆ ಹೊರಡಿಸಿತು. ಯೋಧವರ್ಗದ ಹಲವರಿಗೆ ಇದು ವೇತನ ನಿಂತುದಕ್ಕಿಂತಲೂ ದೊಡ್ಡ ಅವಮಾನವಾಗಿ ಕಂಡಿತು. ಕೊನೆಯ ಶೋಗುನರ ಕಾಲದ ಪ್ರಖ್ಯಾತ ಖಡ್ಗವಿದ್ಯಾಗುರು ಸಕಾಕಿಬಾರಾ ಕೆಂಕಿಚಿ ಅಂಥವರಲ್ಲೊಬ್ಬನು. ನಿರುದ್ಯೋಗಿಗಳಾದ ಖಡ್ಗಪಟುಗಳ ಹೊಟ್ಟೆಪಾಡಿಗಾಗಿ ಇವನು 1873ರಲ್ಲಿಯೇ ಟಿಕೀಟಿಟ್ಟು ಕತ್ತಿವರಸೆಯ ಪ್ರದರ್ಶನಗಳನ್ನು ಏರ್ಪಡಿಸಿದ್ದನು. ಆಜ್ಞೆ ಹೊರಟ ಮೇಲೆ ಇವನು ಸೊಂಟದ ಪಟ್ಟಿಗೆ ಸಿಕ್ಕಿಸಬಹುದಾದ ಕೊಕ್ಕೆಯಿರುವ ಮರದ ಕತ್ತಿಯೊಂದನ್ನು ಮಾಡಿಸಿ, ಅದಕ್ಕೆ ಕತ್ತಿಯೆನ್ನದೆ ‘ಯಾಮಾತೊ ಊರುಗೋಲು’ ಎಂದು ಹೆಸರಿಟ್ಟನು. ಅದರೊಡನೆ ಬೀಸಣಿಗೆಯ ಆಕಾರದ ಇನ್ನೊಂದು ವಸ್ತುವನ್ನೂ ಮಾಡಿಸಿದನು. ಕಬ್ಬಿಣ ಅದರಲ್ಲಿ ಉಳಿದಿರಲಿಲ್ಲ. ಅದೂ ಬರಿಯ ಮರದ್ದು. ಅದಕ್ಕೆ ಅವನು ಕೊಟ್ಟ ಹೆಸರು ‘ಗಾಂಕೊ ಓಗಿ’, ಎಂದರೆ ಹಟಮಾರಿ ಬೀಸಣಿಗೆ. ಸಕಾಕಿಬಾರಾ 1894ರಲ್ಲಿ ತೀರಿಕೊಂಡನು. ಸರಕಾರವೂ ಸಮಾಜವೂ ಬಿಟ್ಟುಬಿಟ್ಟಿದ್ದ ಹಳೆಯ ಸಮುರಾಯಿ ಜುಟ್ಟನ್ನು ಅವನು ಕೊನೆಯ ದಿನದವರೆಗೂ ಕತ್ತರಿಸಿರಲಿಲ್ಲ.